ಊರ ಕೈಪಿಡಿ ರಾಜರಿಂದಲ್ಲ, ರಸ್ತೆಯಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ಚಿತ್ರದುರ್ಗದ ಬಗ್ಗೆ ಬಂದ ಸ್ಮರಣ ಸಂಚಿಕೆ, ಪ್ರವಾಸಿ ಪುಸ್ತಿಕೆ, ಕಾಲೇಜುಗಳ 'ನಮ್ಮೂರ ಇತಿಹಾಸ' ಇವುಗಳಲ್ಲಿ ಹತ್ತನ್ನು ಎದುರಿಗಿಟ್ಟುಕೊಂಡು ಓದಿ ನೋಡಿ. ಬಹುತೇಕ ಎಲ್ಲವೂ ಬ್ರಹ್ಮಗಿರಿಯ ಅಶೋಕನಿಂದ ಹೊರಟು, ಚಂದ್ರವಳ್ಳಿಯಲ್ಲಿ ಮಯೂರಶರ್ಮನಿಗೆ ಕೈಮುಗಿದು, ಏಳುಸುತ್ತಿನ ಕೋಟೆ ಹತ್ತಿ, 1779ರಲ್ಲಿ ಹೈದರಾಲಿ ದುರ್ಗ ಹಿಡಿದಲ್ಲಿಗೆ ಸುಸ್ತಾಗಿ ಕೂತುಬಿಡುತ್ತವೆ. ಆಮೇಲಿನ ಎರಡೂವರೆ ಶತಮಾನ ಇಲ್ಲಿ ಯಾರೂ ಬಾಳಿ ಬದುಕಿಯೇ ಇಲ್ಲವೇನೋ ಎಂಬಂತೆ. ಹೋಬಳಿ ಮಟ್ಟದಲ್ಲಿ ಇಂಥ ಪುಸ್ತಕ ಮಾಡಬೇಕೆನ್ನುವ ಉಪನ್ಯಾಸಕರು, ಗ್ರಂಥಾಲಯದವರು, ಯುವಕ ಸಂಘದವರು ಈಗ ಹೆಚ್ಚುತ್ತಿದ್ದಾರೆ. ಅವರ ಉಪಯೋಗಕ್ಕೆಂದು, ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಹೇಗೆ ಮಾಡಿದರು, ಎಲ್ಲಿ ಎಡವಿದರು ಎಂಬುದನ್ನು ಬರೆಯುತ್ತಿದ್ದೇವೆ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ನಿರುದ್ಯೋಗಿಗಳಿಗೆ ರಸ್ತೆ, ಸೇತುವೆಗಳ ಕಾಮಗಾರಿ ಕೊಟ್ಟಿತು. 1935ರಲ್ಲಿ ಅದೇ ಯೋಜನೆಯಡಿ ಬರೆಯುವ ಕೆಲಸವನ್ನೂ ಕೊಟ್ಟಿತು. ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳೆತ್ತಿದ ಹಾಗೆ ಊರಿನ ನೆನಪು ಎತ್ತುವ ಕೆಲಸ. ಅದರ ಹೆಸರು ಫೆಡರಲ್ ರೈಟರ್ಸ್ ಪ್ರಾಜೆಕ್ಟ್, ನಿರ್ದೇಶಕ ಹೆನ್ರಿ ಆಲ್ಸ್‌ಬರ್ಗ್. ಸೇರಿದವರಲ್ಲಿ ರಾಲ್ಫ್ ಎಲಿಸನ್, ರಿಚರ್ಡ್ ರೈಟ್, ಜೋರಾ ನೀಲ್ ಹರ್ಸ್‌ಟನ್ ಅವರಂಥ ಲೇಖಕರಿದ್ದರು ನಿಜ, ಆದರೆ ಹೆಚ್ಚಿನವರು ಕೆಲಸ ಕಳೆದುಕೊಂಡ ಮೇಷ್ಟ್ರು, ಗುಮಾಸ್ತರು, ಪತ್ರಿಕೆಯವರು, ಗ್ರಂಥಪಾಲಕರು. ಇವರೆಲ್ಲ ಸೇರಿ ಆಗಿದ್ದ 48 ರಾಜ್ಯಗಳಿಗೂ ಅಲಾಸ್ಕ, ಪೋರ್ಟೊರಿಕೊಗಳಿಗೂ ಒಂದೊಂದು ಕೈಪಿಡಿ ತಂದರು. ರಾಜ್ಯಗಳ ಸಾಲಿನಲ್ಲಿ ಮೊದಲು ಬಂದದ್ದು ಐಡಾಹೊ, 1937ರ ಜನವರಿಯಲ್ಲಿ. ಅದನ್ನು ಬಹುಪಾಲು ಕಾದಂಬರಿಕಾರ ವಾರ್ಡಿಸ್ ಫಿಶರ್ ಒಬ್ಬನೇ ಬರೆದ. ರಾಜಧಾನಿ ವಾಷಿಂಗ್ಟನ್ನಿನದು ಮೊದಲು ಬರಲಿ ಎಂದು ಮೇಲಿನವರಿಗೆ ಆಸೆಯಿತ್ತು. ಅದು ಬಂದಾಗ 1,100 ಪುಟ ದಾಟಿ ಕೈಯಲ್ಲಿ ಹಿಡಿಯಲಾರದ ತೂಕವಾಗಿತ್ತು. 1942ರಲ್ಲಿ ಇಳಿಸಿ ಮತ್ತೆ ಅಚ್ಚು ಮಾಡಬೇಕಾಯಿತು. ಕೈಪಿಡಿ ಎಂದ ಮೇಲೆ ಕೈಯಲ್ಲಿ ಹಿಡಿಯುವಂತಿರಬೇಕಲ್ಲ.

ಈ ಪುಸ್ತಕಗಳಿಗೆ ಮೂರು ಭಾಗ. ಮೊದಲು ಚರಿತ್ರೆ, ಬೇಸಾಯ, ಜನಪದ, ವಾಸ್ತುಶಿಲ್ಪ ಇತ್ಯಾದಿ ಪ್ರಬಂಧಗಳು. ಆಮೇಲೆ ಮುಖ್ಯ ನಗರಗಳು. ಕೊನೆಗೆ ರಸ್ತೆ ಪ್ರಯಾಣಗಳು. ಪ್ರಬಂಧಗಳಲ್ಲಿ ಅನೇಕವು ಈಗ ಹಳಸಿವೆ. ಜೀವ ಇರುವುದು ಮೂರನೆಯ ಭಾಗದಲ್ಲಿ. ಹೆದ್ದಾರಿಯೊಂದನ್ನು ಹಿಡಿದು, ಉತ್ತರದಿಂದ ದಕ್ಷಿಣಕ್ಕೆ ಅಥವಾ ಪೂರ್ವದಿಂದ ಪಶ್ಚಿಮಕ್ಕೆ, ಹೊರಟ ಜಾಗದಿಂದ ಇಷ್ಟು ಮೈಲಿಗೆ ಎಡಕ್ಕೆ ಇದು, ಬಲಕ್ಕೆ ಅದು ಎಂದು ಹತ್ತನೇ ಒಂದು ಮೈಲಿಯವರೆಗೂ ಲೆಕ್ಕ ಕೊಡುತ್ತಾ ಹೋಗುತ್ತಾರೆ. ಮುಖ್ಯ ರಸ್ತೆಯದು ದೊಡ್ಡ ಅಕ್ಷರ, ಕವಲು ದಾರಿಯದು ಒಳಸರಿಸಿದ ಸಣ್ಣ ಅಕ್ಷರ. ಬಾಗಿಲು ತೆರೆಯುವ ವೇಳೆ, ಪ್ರವೇಶ ದರ ಆವರಣದಲ್ಲಿ. ರಾಜನ ಮನೆಯಾದರೇನು, ಕಟುಕನ ಅಂಗಡಿಯಾದರೇನು, ರಸ್ತೆಯ ಮೇಲೆ ಎದುರಾದದ್ದೆಲ್ಲ ಸರತಿಯಲ್ಲಿ ನಿಲ್ಲಬೇಕು. ಈ ಕ್ರಮದ ಗುಟ್ಟು ಇಷ್ಟೇ: ವಂಶಾವಳಿಯ ಕ್ರಮದಲ್ಲಿ ಬರೆದರೆ ಗೊತ್ತಿಲ್ಲದ ಕಾಲವನ್ನು ಹಾರಿಸಬಹುದು, ರಸ್ತೆಯ ಕ್ರಮದಲ್ಲಿ ಬರೆದರೆ ಯಾವ ಊರನ್ನೂ ಹಾರಿಸಲಾಗದು.

ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ದಾರಿ ಹಿರಿಯೂರು–ಬಳ್ಳಾರಿ ರಸ್ತೆ, ಈಗಿನ ರಾಷ್ಟ್ರೀಯ ಹೆದ್ದಾರಿ 150ಎ. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿ, ಕಂಬಳಿ ವ್ಯಾಪಾರ. ಅಲ್ಲಿಂದ ಎಡಕ್ಕೆ ನಾಯಕನಹಟ್ಟಿಯ ಕವಲು: ತಿಪ್ಪೇರುದ್ರಸ್ವಾಮಿ, ಜಾತ್ರೆಯ ಮುಕ್ತಿಬಾವುಟದ ಹರಾಜು, ದಾರಿಯಲ್ಲೇ ಕುದಾಪುರದ ವಿಜ್ಞಾನ ಸಂಸ್ಥೆಗಳು. ಮುಖ್ಯ ರಸ್ತೆಗೆ ಮರಳಿದರೆ ತಳಕು, ಟಿ.ಎಸ್. ವೆಂಕಣ್ಣಯ್ಯನವರ ಊರು; ಕುವೆಂಪು ತಮ್ಮ 'ಶ್ರೀರಾಮಾಯಣ ದರ್ಶನಂ' ಅರ್ಪಿಸಿದ್ದು ಈ ಗುರುವಿಗೆ. ಮುಂದೆ ಹಾನಗಲ್ಲಿನಲ್ಲಿ ಬಲಕ್ಕೆ ತಿರುಗಿದರೆ ಮೊಳಕಾಲ್ಮುರಿನ ರೇಷ್ಮೆ ಮಗ್ಗ. ಅದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಗುರುತಿಸಿದ ಅಶೋಕನ ಬಂಡೆ ಶಾಸನಗಳು. ಅಶೋಕನೇನೂ ಬಿಟ್ಟುಹೋಗಲಿಲ್ಲ ನೋಡಿ, ಮಗ್ಗದ ನಂತರ ಬಂದ, ಅಷ್ಟೆ.

ಅಳತೆಯ ಕೆಲಸಕ್ಕೆ ಒಂದು ಬೈಕು, ಇಬ್ಬರು ಸಾಕು. ಒಬ್ಬರು ಓಡಿಸಬೇಕು, ಒಬ್ಬರು ಬರೆಯಬೇಕು. ಓಡಿಸುವವರೇ ಬರೆದುಕೊಳ್ಳುತ್ತೇನೆಂದರೆ ಎಡ–ಬಲ ಅದಲುಬದಲಾಗುವುದು ಖಂಡಿತ. ಅಳತೆ ಶುರುವಾಗುವ ಸೊನ್ನೆಯ ಜಾಗವನ್ನು ಬಸ್ ನಿಲ್ದಾಣಕ್ಕೆ ಕಟ್ಟಬೇಡಿ, ನಿಲ್ದಾಣ ಸ್ಥಳ ಬದಲಿಸುತ್ತದೆ. ಹಳೆಯ ಸೇತುವೆ, ಕೆರೆಯ ತೂಬು, ಎರಡು ಹೆದ್ದಾರಿ ಕೂಡುವ ವೃತ್ತ ಒಳ್ಳೆಯದು. ಬೈಕಿನ ಮೀಟರು ಟೈರಿನ ಸವೆತ, ಗಾಳಿಗೆ ತಕ್ಕಂತೆ ನೂರಕ್ಕೆ ಎರಡು–ಮೂರು ವ್ಯತ್ಯಾಸ ತೋರಿಸುವುದುಂಟು. ಹೊರಡುವ ಮುನ್ನ ಹಳದಿ ತಲೆಯ ಹತ್ತು ಕಿಲೋಮೀಟರ್ ಕಲ್ಲುಗಳ ಉದ್ದಕ್ಕೆ ಓಡಿಸಿ ವ್ಯತ್ಯಾಸ ಗುರುತು ಹಾಕಿಕೊಂಡರೆ ಉಳಿದದ್ದು ಲೆಕ್ಕ. ಕಲ್ಲಿನ ಮೇಲಿನ ಅಂಕಿಯನ್ನು ಮಾತ್ರ ಪುಸ್ತಕದಲ್ಲಿ ಅಚ್ಚು ಹಾಕಬೇಡಿ. ಹೆದ್ದಾರಿಗಳಿಗೆ 2010ರಲ್ಲಿ ಹೊಸ ಸಂಖ್ಯೆ ಬಂದು ಎನ್‌ಎಚ್ 4 ಹೋಗಿ 48 ಆದದ್ದು ನೆನಪಿರಲಿ. (ನಮ್ಮಲ್ಲಿ ಉತ್ತರ–ದಕ್ಷಿಣದ ಹೆದ್ದಾರಿಗೆ ಸಮಸಂಖ್ಯೆ, ಅಮೆರಿಕದ ಹಳೆಯ ಹೆದ್ದಾರಿಗಳಿಗೆ ಬೆಸ, ಅವರ ಪುಸ್ತಕ ಓದುವಾಗ ತಲೆ ತಿರುಗುವುದು ಇಲ್ಲಿಯೇ.) ಮೊಬೈಲಿನಲ್ಲಿ ಅಕ್ಷಾಂಶ–ರೇಖಾಂಶವನ್ನು ದಶಮಾಂಶದ ನಾಲ್ಕು ಸ್ಥಾನದವರೆಗೆ ಬರೆದುಕೊಂಡರೆ ಸುಮಾರು 11 ಮೀಟರಿನೊಳಗೆ ಜಾಗ ಸಿಗುತ್ತದೆ. ಗಿಡಗಂಟಿಯೊಳಗಿನ ವೀರಗಲ್ಲಿಗೆ ಅಷ್ಟು ಸಾಕು.

ಅಮೆರಿಕದ ಕೈಪಿಡಿಗಳ ರಸ್ತೆಗಳನ್ನು 1956ರ ಕಾನೂನಿನ ನಂತರ ಬಂದ ಅಂತರರಾಜ್ಯ ಹೆದ್ದಾರಿಗಳು ಮೂಲೆಗೆ ತಳ್ಳಿದವು. ಅದರಿಂದ ಪುಸ್ತಕ ಕೆಡಲಿಲ್ಲ, ಹಳೆಯ ರಸ್ತೆಯ ಬದುಕಿಗೆ ಅದೇ ಸಾಕ್ಷಿಯಾಯಿತು. ಹಾಗಾಗಿ ಬೈಪಾಸ್ ಬಿಟ್ಟು ದಾವಣಗೆರೆಯಲ್ಲಿ ಪಿ.ಬಿ. ರಸ್ತೆ, ದುರ್ಗದಲ್ಲಿ ಬಿ.ಡಿ. ರಸ್ತೆ ಹಿಡಿಯಿರಿ. ಬೈಪಾಸಿನಲ್ಲಿ ಡಾಬಾ ಬಿಟ್ಟರೆ ಬರೆಯಲು ಏನಿದೆ?

ಶಾಸನ ಹುಡುಕುವವರು ಹೆಚ್ಚು ಸಮಯ ಕಳೆಯುವುದು ತಪ್ಪು ಸಂಪುಟದಲ್ಲಿ. ಶಾಸನಗಳ ಸಂಪುಟಮಾಲೆ 'ಎಪಿಗ್ರಾಫಿಯ ಕರ್ನಾಟಿಕ'ದ 11ನೇ ಸಂಪುಟ ಹಳೆಯ ಚಿತ್ರದುರ್ಗ ಜಿಲ್ಲೆಯದು; ದಾವಣಗೆರೆ, ಜಗಳೂರು ಅದರಲ್ಲೇ ಇವೆ. ಹರಿಹರದ ಶಾಸನಗಳನ್ನು ಹರಿಹರ ಎಂದು ಹುಡುಕಿದರೆ ಸಿಗದು, ಅವು ದಾವಣಗೆರೆ ತಾಲ್ಲೂಕಿನ ಸಂಖ್ಯೆಯಲ್ಲಿವೆ. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗಕ್ಕೆ ಸೇರಿದ್ದರಿಂದ 7ನೇ ಸಂಪುಟ ನೋಡಬೇಕು. ಹರಪನಹಳ್ಳಿ ಸೀಮೆ ಮದರಾಸು ಪ್ರಾಂತ್ಯದಲ್ಲಿತ್ತು, ಅಲ್ಲಿನವು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್'ನ 9ನೇ ಸಂಪುಟದಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು, 2018ರಲ್ಲಿ ಹರಪನಹಳ್ಳಿ ಅದರಿಂದ ಆಚೆ ಹೋಯಿತು. ಜಿಲ್ಲೆಯ ಗಡಿ ಓಡಾಡುತ್ತಲೇ ಇರುತ್ತದೆ, ಕಲ್ಲು ನಿಂತಲ್ಲೇ ಇರುತ್ತದೆ ಎಂದುಕೊಂಡರೆ ಅದೂ ಸುಳ್ಳು: ಎಷ್ಟೋ ಕಲ್ಲುಗಳು ಜಗಲಿಗೆ, ಚರಂಡಿ ಚಪ್ಪಡಿಗೆ ಹೋಗಿವೆ. ಸಂಪುಟದಲ್ಲಿದೆ ಎಂದು ಬರೆದುಬಿಡದೆ ಸ್ಥಳಕ್ಕೆ ಹೋಗಿ ನೋಡಿ. ಅಕ್ಷರ ಕಾಣದಿದ್ದರೆ ಸೀಮೆಸುಣ್ಣ, ಹಿಟ್ಟು ಉಜ್ಜುವುದು ಬೇಡ. ಬೆಳಗ್ಗೆ ಅಥವಾ ಇಳಿಹೊತ್ತಿನ ಓರೆ ಬಿಸಿಲು, ಅದಿಲ್ಲದಿದ್ದರೆ ಪಕ್ಕದಿಂದ ಟಾರ್ಚು ಹಿಡಿದರೆ ಸವೆದ ಗೆರೆಯೂ ಏಳುತ್ತದೆ.

ಪ್ರತಿ ನಮೂದಿಗೂ 'ಕಂಡದ್ದು, ಓದಿದ್ದು, ಕೇಳಿದ್ದು' ಎಂಬ ಮೂರರಲ್ಲಿ ಒಂದು ಗುರುತಿರಲಿ. ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳರ ಪೋಲಾಳ್ವ ದಂಡನಾಥ ಕಟ್ಟಿಸಿದ್ದು ಓದಿದ್ದು. ಸೂಳೆಕೆರೆಯ ಶಾಂತವ್ವನ ಕಥೆ ಕೇಳಿದ್ದು. ಕೇಳಿದ್ದೆಂದರೆ ಕೀಳೆಂದಲ್ಲ, ಯಾರಿಂದ, ಯಾವ ಊರಿನಲ್ಲಿ ಎಂಬುದನ್ನು ಸೇರಿಸಿದರೆ ಅದಕ್ಕೂ ಅದರದೇ ಬೆಲೆ. ಕೆಡುವುದು ಮೂರನ್ನೂ ಕಲಸಿ 'ಇತಿಹಾಸ ಪ್ರಸಿದ್ಧ' ಎಂದು ಬರೆದಾಗ. 'ಪುರಾತನ', 'ಐತಿಹ್ಯವುಳ್ಳ', 'ಜಾಗೃತ ಸ್ಥಳ' ಈ ಮೂರು ಮಾತನ್ನು ಕರಡಿನಿಂದ ಹೊಡೆದುಹಾಕಿದರೆ ಪುಸ್ತಕ ಅರ್ಧ ಸುಧಾರಿಸುತ್ತದೆ.

ಕೇಳುವ ಕೆಲಸದಲ್ಲಿ ಅಮೆರಿಕದವರ ಅನುಭವ ಕಹಿಯೂ ಹೌದು. 1936ರಿಂದ 1938ರವರೆಗೆ ಅವರು ಗುಲಾಮಗಿರಿ ಕಂಡ 2,300ಕ್ಕೂ ಹೆಚ್ಚು ವೃದ್ಧರ ಮಾತು ಬರೆದುಕೊಂಡರು. ಬೆಲೆ ಕಟ್ಟಲಾಗದ ಸಂಗ್ರಹ. ಆದರೆ ದಕ್ಷಿಣದಲ್ಲಿ ಕೇಳಲು ಹೋದವರು ಬಹುತೇಕ ಬಿಳಿಯರು. ಎದುರಿಗೆ ಕೂತವನು ಒಂದು ಕಾಲದ ಒಡೆಯನ ಮನೆತನದವನೋ ನೆಂಟನೋ ಆಗಿದ್ದರೆ ಯಾವ ಮುದುಕಿ ತಾನೇ ಚಾಟಿಯೇಟಿನ ಮಾತು ಬಿಚ್ಚಿ ಹೇಳಿಯಾಳು? ಕಾಡುಗೊಲ್ಲರ ಹಟ್ಟಿಗೆ, ಮ್ಯಾಸಬೇಡರ ದೇವರೆತ್ತಿನ ಗೂಡಿಗೆ ಪಟೇಲರ ಮನೆಯವರನ್ನು ಮುಂದಿಟ್ಟುಕೊಂಡು ಹೋದರೆ ಆಗುವುದೂ ಅದೇ. ಆ ಹಟ್ಟಿಯ ಓದಿದ ಹುಡುಗಿಯೇ ಕೇಳಲಿ, ಬರೆಯಲಿ, ಪುಸ್ತಕದಲ್ಲಿ ಹೆಸರೂ ಅವಳದೇ ಬರಲಿ. ಭಾಷೆಯ ವಿಷಯದಲ್ಲಿ ಆ ಯೋಜನೆಯ ಕಪ್ಪು ಕವಿ ಸ್ಟರ್ಲಿಂಗ್ ಬ್ರೌನ್ ಕೊಟ್ಟ ಸೂಚನೆ ಇಂದಿಗೂ ಸರಿ: ನುಡಿಗಟ್ಟು ನಿಜವಾಗಿರಬೇಕು, ಉಚ್ಚಾರಣೆಯನ್ನು ಅಕ್ಷರಕ್ಕಕ್ಷರ ಹಿಡಿಯುವುದು ಆಮೇಲಿನ ಮಾತು. ಮೊಳಕಾಲ್ಮುರು ಸೀಮೆಯ ತೆಲುಗು ಬೆರೆತ ಮಾತಿನ ಪದ, ಗಾದೆ ಹಾಗೇ ಉಳಿಸಿ. ಪ್ರತಿ ದೀರ್ಘವನ್ನೂ ಎಳೆದೆಳೆದು ಬರೆದು ನಗೆಪಾಟಲು ಮಾಡಬೇಡಿ.

ಕಸುಬಿನ ಬಗ್ಗೆ ಬರೆಯುವಾಗ 'ಮಂಡಕ್ಕಿಗೆ ಹೆಸರಾದ ದಾವಣಗೆರೆ' ಎಂದು ಮುಗಿಸುವುದು ಸೋಮಾರಿತನ. ಭತ್ತ ನೆನೆದು, ಬೆಂದು, ಒಣಗಿ, ಹೊಟ್ಟು ಬಿಡಿಸಿದ ಅಕ್ಕಿ ಉಪ್ಪುನೀರು ಕುಡಿದು ಕಾದ ಮರಳಿನಲ್ಲಿ ಅರಳುತ್ತದೆ. ತೇವ ಹೆಚ್ಚಿದ್ದರೆ ಅರಳದೆ ಗಟ್ಟಿ, ತೀರಾ ಒಣಗಿದ್ದರೆ ಸೀದು ಕಪ್ಪು. ಭಟ್ಟಿಯ ಮುಂದೆ ಯಾರು ಎಷ್ಟು ಹೊತ್ತಿಗೆ ಕೂರುತ್ತಾರೆ, ಉರಿಗೆ ಏನು ಹಾಕುತ್ತಾರೆ, ಚೀಲಕ್ಕೆ ಕೂಲಿ ಎಷ್ಟು ಎಂಬ ಮೂರು ಸಾಲು ಮುಂದಿನವರಿಗೆ ಬೇಕಾಗುವ ಚರಿತ್ರೆ.

ತಕರಾರಿನ ವಿಷಯ ಬಿಡಬೇಡಿ. 1937ರಲ್ಲಿ ಮ್ಯಾಸಚೂಸೆಟ್ಸ್ ಕೈಪಿಡಿ ಹೊರಬಂದಾಗ, 1927ರಲ್ಲಿ ಮರಣದಂಡನೆಗೊಳಗಾದ ಸಾಕೊ ಮತ್ತು ವಾನ್ಜೆಟ್ಟಿ ಎಂಬ ವಲಸಿಗ ಅರಾಜಕತಾವಾದಿಗಳಿಗೆ, ಸ್ವಾತಂತ್ರ್ಯ ಹೋರಾಟದ ಹೆಸರಾಂತ ಘಟನೆಯಾದ ಬಾಸ್ಟನ್ ಟೀ ಪಾರ್ಟಿಗಿಂತ ಹೆಚ್ಚು ಸಾಲು ಸಿಕ್ಕಿದೆ ಎಂದು ಪತ್ರಿಕೆಯವರು ಸಾಲು ಎಣಿಸಿದರು, ರಾಜ್ಯಪಾಲರು ಕೆಂಡವಾದರು. ನಮ್ಮಲ್ಲಿ ಚಳ್ಳಕೆರೆಯ ಅಮೃತಮಹಲ್ ಕಾವಲು ಅಂಥದ್ದೇ ಜಾಗ. ಸುಮಾರು 10,000 ಎಕರೆ ಹುಲ್ಲುಗಾವಲು ಸಂಶೋಧನೆ, ರಕ್ಷಣಾ ಸಂಸ್ಥೆಗಳಿಗೆ ಹೋದದ್ದು, ಕುರಿಗಾಹಿಗಳ ಆಕ್ಷೇಪ ಹಸಿರು ನ್ಯಾಯಮಂಡಳಿಯವರೆಗೆ ನಡೆದದ್ದು, ಎರಡನ್ನೂ ಬೇಲಿಯ ಪಕ್ಕದಲ್ಲಿ ನಿಂತವನಿಗೆ ತಿಳಿಯುವಂತೆ ನಾಲ್ಕು ಸಾಲಿನಲ್ಲಿ ಬರೆಯಬಹುದು. ದಾನಿಗಳ ಫೋಟೊಗೆ ಎಂಟು ಪುಟ ಸಿಗುವಲ್ಲಿ ಇದಕ್ಕೆ ಜಾಗವಿಲ್ಲ ಎನ್ನಲಾಗದು.

ಅಚ್ಚಿನ ಬಗ್ಗೆ ಎರಡು ಮಾತು. ಡೆಮಿ ಅಷ್ಟದಲ್ಲಿ (ಡೆಮಿ ಹಾಳೆಯ ಎಂಟನೇ ಒಂದು ಅಳತೆ) 16 ಪುಟದ ಫಾರಂಗಳ (ಒಟ್ಟಿಗೆ ಅಚ್ಚಾಗಿ ಮಡಚುವ ಪುಟಗಳ ಕಟ್ಟು) ಲೆಕ್ಕಕ್ಕೆ ಪುಟ ಹೊಂದಿಸಿ. 64 ಪುಟದವರೆಗೆ ಸೆಂಟರ್ ಪಿನ್ ಸಾಕು. ಅದಕ್ಕಿಂತ ದಪ್ಪವಾದರೆ ದಾರದ ಹೊಲಿಗೆ ಹಾಕಿಸಿ. ಬರೀ ಗೋಂದಿನ ಬೈಂಡಿಂಗ್ ಬೈಕಿನ ಡಿಕ್ಕಿಯಲ್ಲಿ ನಮ್ಮ ಏಪ್ರಿಲ್ ಬಿಸಿಲಿಗೆ ಬಿರಿದು ಹಾಳೆ ಉದುರುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದದ್ದನ್ನು ಯೂನಿಕೋಡಿಗೆ ಬದಲಿಸಿದಾಗ ಅರ್ಕಾವೊತ್ತು, ಒತ್ತಕ್ಷರ ಕೆಡುವುದುಂಟು, ಊರ ಹೆಸರುಗಳಲ್ಲೇ ಹೆಚ್ಚು. ಆದ್ದರಿಂದ ಕೊನೆಯ ಕರಡನ್ನು ಆಯಾ ಊರಿನವರೇ ಓದಲಿ. ಜಾತ್ರೆಗೆ ತಾರೀಖು ಹಾಕದೆ ಮಾಸ, ತಿಥಿ, ನಕ್ಷತ್ರ ಹಾಕಿ. ನಾಯಕನಹಟ್ಟಿಯ ತೇರು ಫಾಲ್ಗುಣದಲ್ಲಿ ಎಂದರೆ ಪುಸ್ತಕ ಮುಂದಿನ ವರ್ಷಕ್ಕೂ ನಿಲ್ಲುತ್ತದೆ. ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ನಮ್ಮಲ್ಲಿ ಉಚಿತ. 1954ರ ಕಾನೂನಿನ ಪ್ರಕಾರ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಗೊತ್ತುಪಡಿಸಿದ ಇತರ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಊರಿನ ಗ್ರಂಥಾಲಯಕ್ಕೆ ಎರಡು ಪ್ರತಿ ಕೊಡಿ, ಒಂದು ಓದಲು, ಇನ್ನೊಂದು ಕೊನೆಯ ನಾಲ್ಕು ಖಾಲಿ ಹಾಳೆಗಳಲ್ಲಿ ಓದುಗರು ತಪ್ಪು ತಿದ್ದಲು. ಆ ಪ್ರತಿಗೆ ಪೆನ್ಸಿಲು ಕಟ್ಟಿಡುವುದನ್ನು ಮರೆಯಬೇಡಿ.

– ಸ್ಥಳೀಯ ಚರಿತ್ರೆಯ ಕೆಲಸದಲ್ಲಿರುವ ಕೆಲವು ಓದುಗರು, ಚಿತ್ರದುರ್ಗ