ಕಾರು ಊರ ಹೊರಗೇ ನಿಲ್ಲಲಿ: ಆನೆಗೊಂದಿ ಬಗ್ಗೆ ಪ್ರವಾಸೋದ್ಯಮ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಗಂಗಾವತಿಯವಳು, ನಿವೃತ್ತ ಶಿಕ್ಷಕಿ. ತಿಂಗಳಿಗೆ ಒಂದೆರಡು ಸಲ ಬೆಳಗಿನ ಬಸ್ಸು ಹತ್ತಿ, ತುಂಗಭದ್ರೆಯ ದಂಡೆಯಲ್ಲಿ ಹಂಪಿಯ ಎದುರಿಗಿರುವ ಆನೆಗೊಂದಿಗೆ ಹೋಗಿ, ಓಣಿ ಓಣಿ ಸುತ್ತಿ, ನದಿ ದಂಡೆಯಲ್ಲಿ ಕೂತು ಬರುವುದು ನನ್ನ ಚಟ. ಹೋದ ಭಾನುವಾರವೂ ಹೋಗಿದ್ದೆ. ನನ್ನ ಮುಂದೆ ಒಂದು ಎತ್ತಿನ ಗಾಡಿ, ಅದರ ತುಂಬ ಭತ್ತದ ಹುಲ್ಲು. ಹಿಂದಿನಿಂದ ಒಂದು ದೊಡ್ಡ ಕಾರು ಬಂತು. ಓಣಿಯಲ್ಲಿ ಎರಡಕ್ಕೂ ಜಾಗ ಇಲ್ಲ. ಕಾರಿನವರು ಒಂದೇ ಸಮ ಹಾರ್ನ್ ಹೊಡೆದರು. ಎತ್ತು ಬೆದರಿತು, ಗಾಡಿ ವಾಲಿತು, ಒಂದು ಹೊರೆ ಹುಲ್ಲು ಪಕ್ಕದ ಮನೆಯ ಕಟ್ಟೆ ಮೇಲೆ ಜಾರಿತು. ಕಟ್ಟೆ ಮೇಲೆ ಕೂತಿದ್ದ ಅಜ್ಜಿ ಸೆರಗಿನ ಹುಲ್ಲು ಕೊಡವಿಕೊಂಡು ಕಾರಿನ ಹುಡುಗನನ್ನು ಕೇಳಿದರು: "ಯಪ್ಪಾ, ಇಷ್ಟು ಅವಸರದಾಗ ಎಲ್ಲಿಗೆ ಹೊಂಟಿ?"

"ಆನೆಗೊಂದಿ ನೋಡೋಕೆ ಅಜ್ಜಿ."

"ಇದೇ ಆನೆಗೊಂದಿ."

ಮನೆಗೆ ಬಂದ ಮೇಲೂ ಆ ಮಾತು ನೆನೆದು ನಕ್ಕೆ. ಆಮೇಲೆ ನಿಮಗೆ ಬರೆಯಬೇಕು ಅನ್ನಿಸಿತು.

ಈ ಊರಿನ ಕಡೆ ಈಗ ದುಡ್ಡು ಬರುತ್ತಿದೆ. ನಾಲ್ಕೈದು ಕಿಲೋಮೀಟರ್ ಆಚೆ ಅಂಜನಾದ್ರಿ ಇದೆ. 575 ಮೆಟ್ಟಿಲು ಹತ್ತಿ ಹನುಮಪ್ಪನ ದರ್ಶನ ಮಾಡಲು ದಿನವೂ ಜನ ಬರುತ್ತಾರೆ. 2022ರ ರಾಜ್ಯ ಬಜೆಟ್‌ನಲ್ಲಿ ಆ ಬೆಟ್ಟಕ್ಕೆ 100 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಬೆಟ್ಟಕ್ಕೆ ಆಗಲಿ, ಸಂತೋಷ. ಹತ್ತುವವರಿಗೆ ನೀರು ಬೇಕು, ನೆರಳು ಬೇಕು. ನನ್ನ ಚಿಂತೆ ಅದರ ಮುಂದಿನದು. ಬೆಟ್ಟ ಇಳಿದವರು "ಇಲ್ಲೇ ಹತ್ತಿರ ಇನ್ನೇನಿದೆ?" ಅಂತ ಕೇಳಿಕೊಂಡು ಆನೆಗೊಂದಿಗೆ ಬರುತ್ತಾರೆ. ಕಡೇಬಾಗಿಲಿನ ಸೇತುವೆ ಆದ ಮೇಲೆ ಹೊಳೆಯ ಆ ಕಡೆಯವರೂ ಕಾರಲ್ಲೇ ಬರುತ್ತಾರೆ. ಇಷ್ಟು ಗಾಡಿ ಬಂದ ಮೇಲೆ ಇಂದಲ್ಲ ನಾಳೆ ಯಾರಾದರೂ ರಸ್ತೆ ಅಗಲ ಮಾಡೋಣ ಅನ್ನುತ್ತಾರೆ, ಅಲ್ವಾ?

ದಯವಿಟ್ಟು ಆಗ ಬೇಡ ಅನ್ನಿ. ನಾನು ಕೇಳುತ್ತಿರುವುದು ಇಷ್ಟೇ. ಬೇರೆ ಊರಿನ ಗಾಡಿಗಳು ಊರ ಹೊರಗೆ ನಿಲ್ಲಲಿ, ನೋಡಲು ಬಂದವರು ಒಳಗೆ ನಡೆದು ಬರಲಿ. ಊರಿನವರ ಟ್ರ್ಯಾಕ್ಟರ್, ಆಟೋ, ಎತ್ತಿನ ಗಾಡಿ ಎಂದಿನಂತೆ ಓಡಾಡಲಿ. ನಡೆಯಲಾಗದ ಹಿರಿಯರಿಗೆ ಊರಿನದೇ ಆಟೋ ಇದ್ದರೆ ಊರಿನವರಿಗೂ ನಾಲ್ಕು ಕಾಸು ಸಿಗುತ್ತದೆ.

ಗೊಂದಿ ಅಂದರೆ ಹಳೇ ಕನ್ನಡ ನಿಘಂಟಿನಲ್ಲಿ ಇಕ್ಕಟ್ಟಾದ ದಾರಿ, ಸಂದಿ ಅಂತ ಅರ್ಥ ಇದೆ. ಆನೆಗುಂಡಿಯೇ ಆನೆಗುಂದಿ ಆಯಿತು ಅನ್ನುವವರೂ ಇದ್ದಾರೆ. ನಾನು ಗೊಂದಿಯ ಪಕ್ಷ. ಆನೆ ನಡೆದ ಸಂದಿಯಲ್ಲಿ ಮನುಷ್ಯರು ನಡೆಯಲು ಏನು ಕಷ್ಟ?

ಊರು ನಿಶ್ಶಬ್ದವಾಗಿದ್ದದ್ದೂ ಇವತ್ತು ನಿನ್ನೆಯಿಂದಲ್ಲ. 1520ರ ಸುಮಾರಿಗೆ ವಿಜಯನಗರ ನೋಡಲು ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಹೊಳೆಯಾಚೆಯ ಈ ಊರಿನ ಬಗ್ಗೆಯೂ ಬರೆದಿದ್ದಾನೆ. ಹಿಂದೆ ರಾಜಧಾನಿಯಾಗಿತ್ತಂತೆ, ಗೋಡೆಗಳು ಗಟ್ಟಿಯಾಗಿವೆ, ಆದರೆ ಈಗ ಜನ ಕಡಿಮೆ ಅನ್ನುತ್ತಾನೆ. ಜನ ಬುಟ್ಟಿಯಂಥ ದುಂಡನೆ ದೋಣಿಯಲ್ಲಿ ಹೊಳೆ ದಾಟುತ್ತಿದ್ದರಂತೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು. ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತಿದ್ದರಂತೆ. ಅದು ನಮ್ಮ ಹರಿಗೋಲೇ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ, ಅಷ್ಟೇ. ಊರಿನ ಘಾಟಿನಲ್ಲಿ ಕವುಚಿ ಹಾಕಿದ ಹರಿಗೋಲು ಕಂಡರೆ ಬಗ್ಗಿ ಅದರ ತಳ ನೋಡಿ. ಎಲ್ಲೆಲ್ಲಿ ಕಲ್ಲು ತಾಗಿದೆಯೋ ಅಲ್ಲೆಲ್ಲ ಡಾಂಬರಿನ ತೇಪೆ.

ಇಲ್ಲಿಂದ ಆಚೆ ದಡದ ತಳವಾರಘಟ್ಟಕ್ಕೆ ಕಟ್ಟಲು ಹೊರಟಿದ್ದ ಸೇತುವೆಯ ಕಥೆ ನಿಮಗೆ ಗೊತ್ತೇ ಇರುತ್ತದೆ. ಇಲ್ಲಿನ ಸೇತುವೆ ಕೆಲಸಗಳ ಕಾರಣಕ್ಕೇ ಯುನೆಸ್ಕೋ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಿಂದ ಹೊರಬರಲು 2006 ಆಯಿತು. ಕೊನೆಗೆ 2009ರ ಜನವರಿಯಲ್ಲಿ ಸೇತುವೆ ಕಟ್ಟುವಾಗಲೇ ಕುಸಿದು ಕೂಲಿಯವರು ಸತ್ತರು. ಈ ಊರಿನಲ್ಲಿ ಅವಸರ ಎಷ್ಟು ದುಬಾರಿ ಅಂತ ಅದಕ್ಕಿಂತ ಹೆಚ್ಚು ನಾನು ಹೇಳಬೇಕಾಗಿಲ್ಲ.

ಕಾರಿನಲ್ಲಿ ಬಂದವರು ಏನು ನೋಡುತ್ತಾರೆ ಅಂತ ನಾನು ಕಟ್ಟೆ ಮೇಲೆ ಕೂತು ಗಮನಿಸಿದ್ದೇನೆ. ಚೌಕದಲ್ಲಿ ಇಳಿಯುತ್ತಾರೆ. ಗಗನಮಹಲಿನ ಕಮಾನಿನ ಕಿಟಕಿಗಳ ಮುಂದೆ ಫೋಟೋ, ರಂಗನಾಥನಿಗೆ ಒಂದು ಕೈ ಮುಗಿತ, ಹತ್ತು ನಿಮಿಷದಲ್ಲಿ ಮತ್ತೆ ಕಾರು. ನಡೆದು ಬಂದವರಿಗೆ ಮಾತ್ರ ಸಿಗುವುದು ಹುಚ್ಚಪ್ಪಯ್ಯನ ಮಠ. ಹೊರಗಿನಿಂದ ಏನೂ ಅನ್ನಿಸುವುದಿಲ್ಲ, ಸುಮ್ನೆ ಒಂದು ಹಳೇ ಕಲ್ಲು ಮಂಟಪ. ಒಳಗೆ ಕಾಲಿಟ್ಟರೆ ಕರಿಕಲ್ಲಿನ ಕಂಬಗಳು. ಬುಗುರಿ ತಿರುಗಿಸಿದ ಹಾಗೆ ಕಡೆದಿದ್ದಾರೆ, ಅಂಗೈ ಇಟ್ಟರೆ ಬೇಸಿಗೆಯಲ್ಲೂ ತಣ್ಣಗೆ. ಅಲ್ಲಿ ಕತ್ತೆತ್ತಿ ಚಾವಣಿ ನೋಡಬೇಕು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಮಾಸಿದ ಬಣ್ಣದ ಚಿತ್ರಗಳು ಒಂದೊಂದಾಗಿ ಕಾಣತೊಡಗುತ್ತವೆ. ಹಾರ್ನ್ ಹೊಡೆಯುತ್ತ ಕಾಯುವ ಡ್ರೈವರ್ ಇದ್ದರೆ ಅಷ್ಟು ಹೊತ್ತು ಯಾರು ನಿಲ್ಲುತ್ತಾರೆ?

ಇನ್ನು ಹೊಳೆ ದಂಡೆ. ಚಿಂತಾಮಣಿ ಗುಡಿಯ ಹತ್ತಿರ ಕೂತರೆ ಬಂಡೆಗಳ ನಡುವೆ ತುಂಗಭದ್ರೆ ಮಾತಾಡುವುದು ಕೇಳುತ್ತದೆ. ನಡುಗಡ್ಡೆಯಲ್ಲಿ ನವಬೃಂದಾವನ, ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳು. ಪುರಂದರದಾಸರ, ಕನಕದಾಸರ ಗುರು ವ್ಯಾಸರಾಯರು ಇರುವುದೂ ಅಲ್ಲೇ. 2019ರ ಜುಲೈನಲ್ಲಿ ನಿಧಿ ಆಸೆಗೆ ಕಳ್ಳರು ವ್ಯಾಸರಾಯರ ಬೃಂದಾವನವನ್ನೇ ಒಡೆದುಹಾಕಿದ್ದರು. ಭಕ್ತರು ಕೂಡಲೇ ಸೇರಿ ಮತ್ತೆ ಕಟ್ಟಿದರು. ಅದಕ್ಕೇ ಹೇಳುತ್ತೇನೆ, ರಾತ್ರಿ ಒಬ್ಬ ಕಾವಲುಗಾರ ಹತ್ತು ಹೈಮಾಸ್ಟ್ ದೀಪಕ್ಕಿಂತ ವಾಸಿ.

ನಡೆಯುವವರಿಗೆ ಬೇಕಾದ್ದು ಜಾಸ್ತಿ ಏನಿಲ್ಲ. ಊರ ಹೊರಗೆ ಗಾಡಿ ನಿಲ್ಲಿಸುವ ಜಾಗ, ಅಲ್ಲಿ ನಾಲ್ಕು ಬೇವಿನ ಮರ, ಕುಡಿಯುವ ನೀರು. ಬೀಗ ಇಲ್ಲದ ಶೌಚಾಲಯ. ಇದನ್ನು ಒತ್ತಿ ಹೇಳುತ್ತೇನೆ. ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆ. ಹೋದ ವರ್ಷ ಆಕೆಯನ್ನು ಹತ್ತಿರದ ಒಂದು ಪ್ರವಾಸಿ ಜಾಗಕ್ಕೆ ಕರೆದುಕೊಂಡು ಹೋಗಿದ್ದೆ. ಶೌಚಾಲಯಕ್ಕೆ ಹೊಸ ಟೈಲ್ಸ್, ಹೊಸ ಬೋರ್ಡು, ಹೊಸ ಬೀಗ. ಕೀಲಿ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿಲ್ಲ. ಕೊನೆಗೆ ಒಬ್ಬ ತಾಯಿ ತಮ್ಮ ಮನೆಯ ಹಿತ್ತಿಲಿಗೆ ಕರೆದುಕೊಂಡು ಹೋದರು. ಅಕ್ಕ ಆಮೇಲೆ ನನ್ನ ಜೊತೆ ಎಲ್ಲಿಗೂ ಬಂದಿಲ್ಲ.

ಮತ್ತೆ, ಮನೆಗಳು. ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆಗಳು, ಮುಂದೆ ಕಟ್ಟೆ, ಒಳಗೆ ಮರದ ಕಂಬ, ಮೇಲೊಂದು ಬೆಳಕಿಂಡಿ. ನೋಡಲು ಚೆಂದ. ಮೇ ತಿಂಗಳಲ್ಲೂ ಒಳಗೆ ತಂಪು. ಆದರೆ ಮಾಳಿಗೆಗೆ ಆಗಾಗ ಹೊಸ ಮಣ್ಣು ಹಾಕಿ ಬಡಿಯಬೇಕು. ಆ ಕೆಲಸ ಬಲ್ಲವರು ಕಡಿಮೆಯಾಗಿದ್ದಾರೆ, ಕೂಲಿ ಏರಿದೆ. ವಿಶ್ವ ಪರಂಪರೆ ಪ್ರದೇಶವಾದ್ದರಿಂದ ಮನೆ ಕೆಡವಿ ಕಟ್ಟಲು ಅನುಮತಿ ಬೇಕು. ನಿಯಮ ಇರಲಿ, ನಾನು ನಿಯಮದ ಪರವೇ. ಆದರೆ ಹಳೇ ಮನೆ ಚೆಂದ ಅಂತ ಫೋಟೋ ತೆಗೆಯುವ ನಾವ್ಯಾರೂ ಮಳೆಗಾಲದಲ್ಲಿ ಸೋರುವ ಕಡೆ ಬೋಗುಣಿ ಇಡಲು ಬರುವುದಿಲ್ಲ. ಮನೆ ಉಳಿಸಿಕೊಂಡವರಿಗೆ ಮಾಳಿಗೆ ರಿಪೇರಿಗೆ ಸಹಾಯಧನ ಕೊಡಿ, ನಾಲ್ಕು ಹುಡುಗರಿಗೆ ಆ ಕೆಲಸ ಕಲಿಸಿ. ಬಣ್ಣಬಣ್ಣದ ಸ್ವಾಗತ ಕಮಾನು ಕಟ್ಟುವ ಯೋಚನೆ ಏನಾದರೂ ಇದ್ದರೆ ಆ ದುಡ್ಡನ್ನೇ ಇತ್ತ ತಿರುಗಿಸಿ.

ನಡೆದು ಬಂದವರು ನಿಲ್ಲುತ್ತಾರೆ, ನಿಂತವರು ಕೊಳ್ಳುತ್ತಾರೆ. ಇಲ್ಲಿನ ಹೆಣ್ಣುಮಕ್ಕಳು ಬಾಳೆ ನಾರಿನಲ್ಲಿ ಚೀಲ, ಬುಟ್ಟಿ ಹೆಣೆಯುತ್ತಾರೆ. ಒಣಗಿದ ಪಟ್ಟೆಯನ್ನು ನೀರಲ್ಲಿ ನೆನೆಸಿ, ಸೀಳಿ, ಹೊಸೆದು ಹಗ್ಗ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ನೋಡಿದ ಮೇಲೆ ಬೆಲೆ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ.

ಸಂಕ್ರಾಂತಿ ಆದ ಮೇಲೆ ಒಂದು ಬೆಳಿಗ್ಗೆ ಬನ್ನಿ ಸರ್. ಏಳು ಗಂಟೆಗೆ ಬಂದರೆ ಬಿಸಿಲು ಏರುವ ಮೊದಲು ಮುಗಿಯುತ್ತದೆ. ಬೆಂಗಾವಲು ಗಾಡಿಗಳು ಊರ ಹೊರಗೇ ಇರಲಿ. ನಾನು ಆ ಅಜ್ಜಿಯ ಕಟ್ಟೆ ಹತ್ತಿರ ಕಾಯುತ್ತಿರುತ್ತೇನೆ. ಬೇಗ ಬಿಟ್ಟು ಹಾಕಿಕೊಳ್ಳಲು ಆಗುವಂಥ ಚಪ್ಪಲಿ ಮೆಟ್ಟಿಕೊಂಡು ಬನ್ನಿ, ನಾಲ್ಕೈದು ಕಡೆ ಬಿಡಬೇಕಾಗುತ್ತದೆ.

ಇಂತಿ ನಮಸ್ಕಾರಗಳು,
ಗಂಗಾವತಿಯ ಒಬ್ಬ ನಿವೃತ್ತ ಶಿಕ್ಷಕಿ