ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಆ ಅಮ್ಮನಿಗೆ

ನಮ್ಮ ಹೆಂಗಸರ ಓದುಬಳಗಕ್ಕೆ ಈ ತಿಂಗಳು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಇನ್ನೊಂದು ಪ್ರತಿಗಾಗಿ ಬೆಂಗಳೂರಿನ ಅವೆನ್ಯೂ ರಸ್ತೆ ಸುತ್ತಿ ಸುತ್ತಿ ಸಾಕಾಗಿತ್ತು. ಪಕ್ಕದಲ್ಲೇ ಮೊಮ್ಮಗಳಿಗೆ ಗೈಡ್ ಹುಡುಕುತ್ತಿದ್ದ ನೀವು, ‘ನಮ್ಮನೇಲಿದೆ, ಮುಂದಿನ ಭಾನುವಾರ ಇಲ್ಲಿಗೇ ಬಾಮ್ಮ’ ಅಂದಿರಿ. ಸುಮ್ನೆ ಹೇಳಿದ್ದು ಅಂದುಕೊಂಡಿದ್ದೆ. ಬಂದೇಬಿಟ್ಟಿರಿ! ಹಳೇ ಕ್ಯಾಲೆಂಡರ್ ಹಾಳೆಯ ಬೈಂಡು, ಒಂದು ಪುಟದ ಅಂಚಿನಲ್ಲಿ ಅರಿಸಿನದ ಬೆರಳಿನ ಗುರುತು. ದುಡ್ಡು ಮುಟ್ಟಲಿಲ್ಲ.

ಬಾಲವಿಧವೆ ಫಣಿಯಮ್ಮನ ತಲೆ ಬೋಳಿಸುವ ಜಾಗದಲ್ಲಿ ನಿಮ್ಮ ಪೆನ್ಸಿಲ್ ಗೆರೆ ಹಾಳೆ ಹರಿಯುವಷ್ಟು ಒತ್ತಿತ್ತು. ನಮ್ಮ ಮಾತು ಶುರುವಾಗಿದ್ದೇ ಆ ಗೆರೆಯಿಂದ. ಕಾಫಿ ಆರಿಹೋಯಿತು, ಯಾರೂ ಏಳಲಿಲ್ಲ.

ನಿಮ್ಮ ಹೆಸರು ಕೇಳುವುದನ್ನೇ ಮರೆತೆ, ನೋಡಿ ನನ್ನ ಬುದ್ಧಿ! ತುಂಬಾ ಥ್ಯಾಂಕ್ಸ್ ಅಮ್ಮ. ಬೈಂಡು ಬದಲಾಯಿಸಿಲ್ಲ.