ಅಡುಗೆಯ ಅಳತೆ ಹೇಳುವ ನಾವು ಬೆಲೆಯನ್ನೂ ಹೇಳೋಣ

ಮಾನ್ಯ ಸಂಪಾದಕರೇ,

ನಾನು ಶ್ರೀನಿವಾಸಪುರ ತಾಲ್ಲೂಕಿನ ಮಾವು ಬೆಳೆಗಾರ್ತಿ. ಮೂರು ಎಕರೆ ತೋಟ, ಬಹುಪಾಲು ತೋತಾಪುರಿ. ನಮ್ಮ ಕಡೆ ಇದಕ್ಕೆ ಗಿಣಿಮೂತಿ ಎನ್ನುತ್ತೇವೆ.

2020ರ ಲಾಕ್‌ಡೌನ್‌ನಲ್ಲಿ ಹಬ್ಬಕ್ಕೆ ಊರಿಗೆ ಬರಲಾಗದ ತಂಗಿಯ ಮಗಳಿಗೆ ವಿಡಿಯೊ ಕರೆಯಲ್ಲೇ ಒಬ್ಬಟ್ಟು ತಟ್ಟುವುದನ್ನು ಕಲಿಸಿದೆ. ಅಂದಿನಿಂದ ಭಾನುವಾರ ಬೆಳಿಗ್ಗೆ ನಮ್ಮ ಮನೆತನದ ಹೆಂಗಸರು ಒಟ್ಟಿಗೆ ಅಡುಗೆ ಮಾಡುತ್ತಿದ್ದೇವೆ. ಮೈಸೂರಿನಲ್ಲಿ ತಂಗಿ, ಬೆಂಗಳೂರಿನಲ್ಲಿ ಅವಳ ಮಗಳು, ಅಮೆರಿಕದಲ್ಲಿ ನನ್ನ ಮಗಳು. ಅವಳಿಗೆ ಅದು ಶನಿವಾರ ರಾತ್ರಿ. ನನ್ನ ಮೊಬೈಲ್ ಉಪ್ಪಿನ ಜಾಡಿಗೆ ಒರಗಿರುತ್ತದೆ. ಇಲ್ಲಿ ಸಾಸಿವೆ ಸಿಡಿದು ಮುಗಿದ ಮೇಲೆ ಮೈಸೂರಿನ ಸಾಸಿವೆ ಸಿಡಿಯುವುದು ಕೇಳುತ್ತದೆ. ಮಗಳು ಮದುವೆಯಾಗಿ ದೂರ ಹೋದ ಮೇಲೆ ನಾನು ಕಳೆದುಕೊಂಡಿದ್ದ ಅಡುಗೆಮನೆಯ ಮಾತು ಈ ಕರೆಯಿಂದ ಮರಳಿ ಬಂತು. ಅದಕ್ಕೆ ನಾನು ಋಣಿ.

ಕಳೆದ ವರ್ಷ ಜೂನ್‌ನ ಒಂದು ಭಾನುವಾರ ಮಾವಿನಕಾಯಿ ಚಿತ್ರಾನ್ನ ಮಾಡಿದೆವು. ನಾನು ಕಾಯಿಯ ತೊಟ್ಟು ಮುರಿದಾಗ ಸೊನೆ ಚಿಮ್ಮಿತು. ಕೂಡಲೇ ಕೈ ತೊಳೆದುಕೊಂಡೆ, ಮೈಗೆ ತಾಗಿದರೆ ಸುಡುತ್ತದೆ. ಬೆಂಗಳೂರಿನ ಹುಡುಗಿ ಇಣುಕಿ ನೋಡಿ, ‘ದೊಡ್ಡಮ್ಮ, ನನ್ನ ಕಾಯಿಯಲ್ಲಿ ಏನೂ ಬರುತ್ತಿಲ್ಲವಲ್ಲ?’ ಎಂದಳು. ಕೊಯ್ದು ಎಷ್ಟು ದಿನವಾಗಿತ್ತೋ, ತೊಟ್ಟೇ ಒಣಗಿತ್ತು. ಎಷ್ಟಕ್ಕೆ ತಂದೆ ಎಂದು ಕೇಳಿದೆ. ಮನೆ ಬಾಗಿಲಿಗೆ ತರಿಸಿದ್ದಳಂತೆ, ಕಿಲೋಗೆ 60 ರೂಪಾಯಿ. ಅದೇ ವಾರ ಮಂಡಿಯಲ್ಲಿ ನಮ್ಮ ಕಾಯಿ ಕಿಲೋಗೆ 3 ರೂಪಾಯಿಗೆ ಹೋಗಿತ್ತು.

ಕರೆಯಲ್ಲಿ ಯಾರೂ ಮಾತನಾಡಲಿಲ್ಲ. ನಾನು ಒಳಗೆ ಹೋಗಿ ಮಂಡಿಯ ಚೀಟಿ ತಂದು ಓದಿದೆ. ಎರಡೂವರೆ ಟನ್ ಕಾಯಿಗೆ 7,500 ರೂಪಾಯಿ. ಅದರಲ್ಲಿ ಕಮಿಷನ್ 750. ಟೆಂಪೊ ಬಾಡಿಗೆ 1,500. ಮರ ಹತ್ತಿ, ದೋಟಿ ಹಿಡಿದು ಕೊಯ್ದ ಐವರು ಗಂಡಾಳುಗಳಿಗೆ ತಲಾ 700. ಕೆಳಗೆ ಆಯ್ದು ತುಂಬಿದ ಮೂವರು ಹೆಣ್ಣಾಳುಗಳಿಗೆ ತಲಾ 350. ನಮ್ಮ ಕೈಗೆ ಬಂದದ್ದು 700 ರೂಪಾಯಿ. ಉಳುಮೆ, ಗೊಬ್ಬರ, ಔಷಧಿ ಇವು ಯಾವುವೂ ಈ ಲೆಕ್ಕದಲ್ಲಿಲ್ಲ.

ಆಗ ತಂಗಿ ಕೇಳಿದಳು: ‘ಅಕ್ಕ, ಹೆಂಗಸರಿಗೆ ಯಾಕೆ ಅರ್ಧ ಕೂಲಿ?’ ನನಗೆ ಉತ್ತರ ಹೊಳೆಯಲಿಲ್ಲ. ಊರಲ್ಲಿ ನಡೆದು ಬಂದದ್ದು ಎಂದೆ. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ, ಸೊನೆಯಲ್ಲಿ ಬೆರಳು ಸುಟ್ಟುಕೊಳ್ಳುವವರು ಅವರೇ ಎಂಬುದನ್ನು ನಾನು ದಿನವೂ ನೋಡುತ್ತೇನೆ. ನ್ಯಾಯ ಕೇಳಲು ಹೊರಟ ನನ್ನ ಮನೆಯಲ್ಲೇ ಆ ಬಾಕಿ ಇದೆ. ಈ ಹಂಗಾಮಿನಿಂದ ಅವರ ಕೂಲಿಯನ್ನು 500ಕ್ಕೆ ಏರಿಸಬೇಕೆಂದು ಯಜಮಾನರೂ ನಾನೂ ತೀರ್ಮಾನಿಸಿದ್ದೇವೆ. ಸಮಾನ ಕೂಲಿಗೆ ಅದು ಇನ್ನೂ ಸಾಲದು.

2025ರ ಆ ಬೇಸಿಗೆ ಏನಾಯಿತೆಂಬುದು ನಿಮ್ಮ ಪತ್ರಿಕೆಯ ಓದುಗರಿಗೆ ಗೊತ್ತು. ನಮ್ಮ ತೋತಾಪುರಿಯ ದೊಡ್ಡ ಪಾಲು ಪಕ್ಕದ ಆಂಧ್ರಪ್ರದೇಶದ ಚಿತ್ತೂರಿನ ತಿರುಳು ಕಾರ್ಖಾನೆಗಳಿಗೆ ಹೋಗುತ್ತದೆ. ಜೂನ್ 7ರಂದು ಅಲ್ಲಿನ ಜಿಲ್ಲಾಡಳಿತ ಹೊರ ರಾಜ್ಯದ ಕಾಯಿಗೆ ಗಡಿ ಮುಚ್ಚಿತು. ಚಿತ್ತೂರಿನ ರೈತರ ಮೇಲೆ ನನಗೆ ಸಿಟ್ಟಿಲ್ಲ, ಅವರದೂ ಇದೇ ಬೆಳೆ, ಇದೇ ಸಂಕಟ. ಅವರ ಸರ್ಕಾರ ಕಾರ್ಖಾನೆಯಿಂದ 8, ತನ್ನಿಂದ 4, ಹೀಗೆ ಕಿಲೋಗೆ 12 ರೂಪಾಯಿ ಎಂದು ಹೇಳಿತು. ನಮ್ಮಲ್ಲಿ ರೈತರು ಬೀದಿಗಿಳಿದು, ಕಾಯಿಯನ್ನು ರಸ್ತೆಗೆ ಸುರಿದ ಮೇಲೆ ಕೇಂದ್ರ ಸರ್ಕಾರ ರಾಜ್ಯದ 2.5 ಲಕ್ಷ ಟನ್ ತೋತಾಪುರಿಗೆ ಬೆಲೆ ವ್ಯತ್ಯಾಸ ಪಾವತಿಗೆ ಒಪ್ಪಿತು. ಕ್ವಿಂಟಲ್‌ಗೆ 1,616 ರೂಪಾಯಿ ಎಂದು ಬೆಲೆ ಗೊತ್ತುಮಾಡಿ, ಮಂಡಿಯಲ್ಲಿ ಅದಕ್ಕಿಂತ ಕಡಿಮೆ ಸಿಕ್ಕರೆ ಆ ಕೊರತೆಗೆ ಕಿಲೋಗೆ ಹೆಚ್ಚೆಂದರೆ ಸುಮಾರು 4 ರೂಪಾಯಿ ಕೊಡುವ ಯೋಜನೆ ಅದು. ಕಷ್ಟದಲ್ಲಿ ಅದೂ ದೊಡ್ಡದೇ. ಆದರೆ ನಾವು ಅದನ್ನು ಕೇಳಲು ಹೋದಾಗ ನಮ್ಮ ಚೀಟಿಯನ್ನು ನೋಡಿ ಇದು ನಡೆಯುವುದಿಲ್ಲ ಎಂದರು. ಅದು ಬಿಳಿ ಚೀಟಿ. ಕಾಯಿ ತಂದವರ ಹೆಸರು, ತೂಕ, ಮೊತ್ತವನ್ನು ಪೆನ್ನಿನಲ್ಲಿ ಗೀಚಿದ ತುಂಡು ಕಾಗದ. ಮುದ್ರೆಯಿಲ್ಲ, ರಸೀದಿ ಸಂಖ್ಯೆಯಿಲ್ಲ. ಕಮಿಷನ್ ಅನ್ನು ಕೊಳ್ಳುವವರಿಂದ ಪಡೆಯಬೇಕೇ ಹೊರತು ಬೆಳೆದವರಿಂದ ಅಲ್ಲ ಎಂದು ನಮ್ಮ ರಾಜ್ಯದ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಕಾನೂನೇ ಹೇಳುತ್ತದೆ. ಆ ಕಾಗದದ ಮೇಲೆ ಮಾತ್ರ ನೂರಕ್ಕೆ ಹತ್ತು ಮುರಿದುಕೊಂಡದ್ದು ಢಾಳಾಗಿ ಕಾಣುತ್ತದೆ.

ಆ ಭಾನುವಾರದ ನಂತರ ತಂಗಿಯ ಮಗಳು ತನ್ನ ಅಪಾರ್ಟ್‌ಮೆಂಟಿನವರನ್ನು ಸೇರಿಸಿ, ನಮ್ಮಿಂದ ನೇರವಾಗಿ ಕಿಲೋಗೆ 20 ರೂಪಾಯಿಯಂತೆ 400 ಕಿಲೋ ಕಾಯಿ ತರಿಸಿಕೊಂಡಳು. ಸಂಜೆ ಅಲ್ಲಿಯ ಹದಿನೈದು ಮನೆಗಳ ಹೆಂಗಸರು, ಗಂಡಸರು ನಮ್ಮ ಕರೆಗೆ ಬಂದು ಉಪ್ಪಿನಕಾಯಿ ಹಾಕುವುದನ್ನು ಕಲಿತರು. ಕಾಯಿಯ ಮೇಲೆ ನೀರಿನ ಪಸೆ ಇರಬಾರದು, ಒರೆಸಿ ನೆರಳಲ್ಲಿ ಆರಿಸಿ ಎಂದು ನಾನು ಹತ್ತು ಸಲ ಹೇಳಿರಬೇಕು. ಅಷ್ಟು ಸಂತೋಷದ ಸಂಜೆ ಆ ವರ್ಷ ನನಗೆ ಇನ್ನೊಂದಿರಲಿಲ್ಲ. ಆದರೂ ಇದರಿಂದ ಎಲ್ಲವೂ ಸರಿಹೋಗುತ್ತದೆ ಎನ್ನುವವರಿಗೆ ಒಂದು ಮಾತು: ನಮ್ಮ ತೋಟದ್ದೇ 14 ಟನ್. ಪರಿಚಯದವರು, ಪೇಟೆಯಲ್ಲಿ ನೆಂಟರು ಇಲ್ಲದ ಬೆಳೆಗಾರ ಯಾರ ಅಡುಗೆಮನೆಗೆ ಕರೆ ಮಾಡಬೇಕು? ಅವನಿಗೆ ಮಂಡಿಯೇ ಗತಿ, ಆದ್ದರಿಂದ ಮಂಡಿಯೇ ನೆಟ್ಟಗಾಗಬೇಕು.

ಮರಗಳು ಮತ್ತೆ ಹೂ ಬಿಟ್ಟಿವೆ. ಕಾಯಿ ಇಳಿಯುವ ಮೊದಲೇ ಸರ್ಕಾರ ಮೂರು ಕೆಲಸ ಮಾಡಲಿ. ಪ್ರತಿ ಮಂಡಿಯಲ್ಲೂ ತೂಕವಾದ ತಕ್ಷಣ ಬೆಳೆಗಾರನ ಕೈಗೆ ಅಧಿಕೃತ ರಸೀದಿ ಸಿಗಲಿ, ಬಿಳಿ ಚೀಟಿ ಬರೆದವರ ಪರವಾನಗಿ ರದ್ದಾಗಲಿ. ಬೆಂಬಲದ ಬೆಲೆಯನ್ನು ರಸ್ತೆ ತಡೆಯಾದ ಮೇಲಲ್ಲ, ಮೇ ತಿಂಗಳಲ್ಲೇ ಘೋಷಿಸಲಿ. ತೋತಾಪುರಿಯ ತಿರುಳು ತೆಗೆಯುವ ಕಾರ್ಖಾನೆಗಳು ನಮ್ಮ ಕೋಲಾರ ಜಿಲ್ಲೆಯಲ್ಲಿ ಹೆಚ್ಚಲಿ. ಗಡಿ ಮುಚ್ಚಿದರೆ ನಮ್ಮ ಬದುಕೇ ಮುಚ್ಚುವಂತೆ ಇರಬಾರದು.

ಮೊಬೈಲ್ ಮುಂದೆ ಅಡುಗೆ ಮಾಡಿ ತೋರಿಸುವ ಸಾವಿರಾರು ಸೋದರಿಯರಲ್ಲಿಯೂ ಒಂದು ಬೇಡಿಕೆ. ಒಂದು ಚಮಚ ಮೆಂತ್ಯ, ಚಿಟಿಕೆ ಇಂಗು ಎನ್ನುವಾಗಲೇ ಆ ದಿನದ ತರಕಾರಿಗೆ ನೀವು ಕೊಟ್ಟ ಬೆಲೆಯನ್ನೂ ಹೇಳಿ. ಅದನ್ನು ಬೆಳೆದವರು ಯಾರಾದರೂ ನೋಡುತ್ತಿದ್ದರೆ ತಮಗೆ ಸಿಕ್ಕಿದ್ದೆಷ್ಟು ಎಂದು ಅವರು ಹೇಳಲಿ. ನಮ್ಮ ಕರೆಯಲ್ಲಿ ಈಗ ಇದು ನಿಯಮ. ಹೋದ ವಾರ ಬದನೆಕಾಯಿಯ ಬೆಲೆ ಓದಿದೆವು, ಈ ವಾರ ತೊಗರಿಬೇಳೆಯದು.

– ಮಾವು ಬೆಳೆಗಾರ್ತಿ, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ